ಮ್ಯಾಸ್ಟೊಡಾನ್ ಅಥವಾ ಮ್ಯಾಟ್ರಿಕ್ಸ್: ಸಮುದಾಯದ ಸರ್ವರ್‌ಗೆ ಯಾವುದು?

ಮ್ಯಾಸ್ಟೊಡಾನ್ ಟ್ವಿಟರ್‌ನಂಥ ಸಾಮಾಜಿಕ ಜಾಲ, ಮ್ಯಾಟ್ರಿಕ್ಸ್ ಚಾಟ್ ವ್ಯವಸ್ಥೆ. ಎರಡನ್ನೂ ಸ್ವಂತ ಸರ್ವರ್‌ನಲ್ಲಿ ನಡೆಸಬಹುದು, ಸಂದೇಶಗಳು ಇತರರ ಸರ್ವರ್‌ಗಳಿಗೂ ಹೋಗಬಲ್ಲವು. ಚರ್ಚೆ ಹೊರಗಿನವರಿಗೂ ಕಾಣಬೇಕೆಂದರೆ ಮ್ಯಾಸ್ಟೊಡಾನ್. ಒಳಗಿನ ಮಾತು ಒಳಗೇ ಉಳಿಯಬೇಕೆಂದರೆ ಮ್ಯಾಟ್ರಿಕ್ಸ್.

ಮ್ಯಾಸ್ಟೊಡಾನ್‌ನ ಖಾಸಗಿ ಸಂದೇಶ ಹೆಸರಿಗಷ್ಟೇ ಖಾಸಗಿ. ಡೇಟಾಬೇಸ್‌ನಲ್ಲಿ ಅದು ಓದಲು ಬರುವ ರೂಪದಲ್ಲೇ ಇರುತ್ತದೆ. ಕಳಿಸಿದವರ ಮತ್ತು ಪಡೆದವರ ಸರ್ವರ್ ನಡೆಸುವ ಅಡ್ಮಿನ್‌ಗಳು ನೋಡಬಲ್ಲರು. ದೂರು ಹೇಳುವ ಭರದಲ್ಲಿ ಮೂರನೆಯವರ ಖಾತೆಯನ್ನು @ ಹಾಕಿ ಮೆನ್ಷನ್ ಮಾಡಿದರೋ, ಸಂದೇಶ ಅವರಿಗೂ ಹೋಯಿತು! ಲಾಗಿನ್ ಐಪಿಗಳು (ಬಳಕೆದಾರರ ಇಂಟರ್ನೆಟ್ ವಿಳಾಸಗಳು) ಡಿಫಾಲ್ಟ್ ಆಗಿ 1 ವರ್ಷ ಉಳಿಯುತ್ತವೆ. ಐಪಿ ಉಳಿಕೆಯ ಸೆಟ್ಟಿಂಗ್‌ಗೆ 2592000 ಸೆಕೆಂಡ್ ಕೊಟ್ಟರೆ 30 ದಿನಕ್ಕೆ ಇಳಿಯುತ್ತದೆ. ಮುಂದೆ ನಿಲ್ಲುವ ವೆಬ್ ಸರ್ವರ್ ತಂತ್ರಾಂಶ ಎನ್‌ಜಿನ್‌ಎಕ್ಸ್‌ನ ಲಾಗ್ ಬೇರೆಯೇ ಇದೆ, ಅದನ್ನು ಪ್ರತ್ಯೇಕವಾಗಿ ಅಳಿಸಬೇಕು. ಬಹಳಷ್ಟು ಮಂದಿ ಇದನ್ನೇ ಮರೆಯುತ್ತಾರೆ.

ಮ್ಯಾಟ್ರಿಕ್ಸ್ ನಡೆಸುವ ಸರ್ವರ್ ತಂತ್ರಾಂಶ ಸಿನಾಪ್ಸ್ ಐಪಿಯನ್ನು ಡಿಫಾಲ್ಟ್ ಆಗಿ 28 ದಿನ ಇಡುತ್ತದೆ. ಎನ್‌ಕ್ರಿಪ್ಟ್ ಆದ (ಸದಸ್ಯರ ಸಾಧನಗಳಷ್ಟೇ ಬಿಡಿಸಿ ಓದಬಲ್ಲ ಗೂಢರೂಪದ) ರೂಮಿನ ಮಾತು ಅಡ್ಮಿನ್‌ಗೆ ಕಾಣದು. ಆದರೆ ರೂಮಿನ ಹೆಸರು, ಸದಸ್ಯರ ಪಟ್ಟಿ, ಯಾರು ಎಷ್ಟು ಹೊತ್ತಿಗೆ ಬರೆದರು ಎಂಬುದು ಕಾಣುತ್ತದೆ. ಒಮ್ಮೆ ಎನ್‌ಕ್ರಿಪ್ಷನ್ ಹಾಕಿದ ರೂಮಿನಲ್ಲಿ ಅದನ್ನು ತೆಗೆಯಲಾಗದು. ಹಳೆಯ ಸಂದೇಶ ಮತ್ತೆ ತೆರೆಯಲು ಬೇಕಾದ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಎಲ್ಲ ಸಾಧನಗಳಿಂದ ಲಾಗೌಟ್ ಆದವರಿಗೆ ಹಳೆಯ ಸಂದೇಶ ತೆರೆಯುವುದಿಲ್ಲ, ಅಡ್ಮಿನ್ ಕೂಡ ಏನೂ ಮಾಡಲಾರರು. ಹಾಗಾಗಿ ಹೊಸಬರು ಸೇರಿದ ದಿನವೇ ಕೀ ಉಳಿಸಿಕೊಳ್ಳಲು ಹೇಳಿ.

ಅಳಿಸುವ ವಿಷಯದಲ್ಲಿ ಎರಡೂ ಒಂದೇ: ಇತರ ಸರ್ವರ್‌ಗಳಿಗೆ ಹೋಗುವುದು ಅಳಿಸಿ ಎಂಬ ವಿನಂತಿ ಮಾತ್ರ, ಅವು ಪಾಲಿಸದಿದ್ದರೆ ಪ್ರತಿ ಅಲ್ಲೇ ಉಳಿಯುತ್ತದೆ. ಗೌಪ್ಯತಾ ನೀತಿಯಲ್ಲಿ ‘ಪೂರ್ತಿ ಅಳಿಸುತ್ತೇವೆ’ ಎಂದು ಬರೆಯಬೇಡಿ.