ಏಳು ಸೀಟಿನ ಸೆಕೆಂಡ್ ಹ್ಯಾಂಡ್ ಗಾಡಿ: ಟೋಕನ್ ಕೊಡೋ ಮುಂಚೆ ಏರ್‌ಬ್ಯಾಗ್ ನಿಜವಾಗಿ ಇದೆಯಾ ನೋಡಿ

ಕೆಂಗೇರಿ ಕಡೆಯ ಒಂದು ಕುಟುಂಬ ಕೊಂಡ ಏಳು ಸೀಟಿನ ಡೀಸೆಲ್ ಗಾಡಿಯಲ್ಲಿ ಎರಡು ಏರ್‌ಬ್ಯಾಗ್ ಇರಬೇಕಿತ್ತು, ಒಂದೂ ಇರಲಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಸೇರಿ ಆರು ಜನ, ಊರು ಹಾಸನದ ಕಡೆ, ಹಬ್ಬಕ್ಕೆ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗೋದು ಅನ್ನೋ ಲೆಕ್ಕಾಚಾರ. 2018ರ ರಿಜಿಸ್ಟ್ರೇಷನ್, ಒಬ್ಬರೇ ಓನರ್, ಹೊಳೆಯೋ ಪೇಂಟು, ರೇಟು ಮಾರ್ಕೆಟ್‌ಗಿಂತ ಎಂಬತ್ತು ಸಾವಿರ ಕಡಿಮೆ. ಸ್ಟೀರಿಂಗ್ ಮೇಲೂ ಡ್ಯಾಶ್‌ಬೋರ್ಡ್ ಮೇಲೂ ಏರ್‌ಬ್ಯಾಗ್ ಅಂತ ಅಚ್ಚಿತ್ತು. ಕೀ ತಿರುಗಿಸಿದರೆ ಮೀಟರಿನಲ್ಲಿ ಎಸ್‌ಆರ್‌ಎಸ್ ದೀಪ (ಏರ್‌ಬ್ಯಾಗಿನ ಎಚ್ಚರಿಕೆ ದೀಪ) ಹತ್ತಿ ಸರಿಯಾಗಿಯೇ ಆರುತ್ತಿತ್ತು.

ಎಸಿ ಬ್ಲೋವರ್ ಸದ್ದು ಮಾಡುತ್ತೆ ಅಂತ ಸರ್ವಿಸ್‌ಗೆ ಬಿಟ್ಟಾಗ ಗುಟ್ಟು ಹೊರಬಿತ್ತು. ಮೆಕ್ಯಾನಿಕ್ ಗ್ಲೋವ್ ಬಾಕ್ಸ್ ಇಳಿಸಿ ಟಾರ್ಚ್ ಹಾಕಿದರೆ, ಏರ್‌ಬ್ಯಾಗಿನ ಲೋಹದ ಡಬ್ಬ ಕೂರಬೇಕಾದ ಜಾಗ ಖಾಲಿ. ಅಲ್ಲಿಗೆ ಬರುವ ಹಳದಿ ಕನೆಕ್ಟರ್ ಬಾಯಿಗೆ ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್ ಸಿಕ್ಕಿಸಿ, ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಸ್ಟೀರಿಂಗ್ ಕವರ್ ಬಿಚ್ಚಿದರೆ ಅಲ್ಲೂ ಅದೇ ಕತೆ.

ಈ ಕೈಚಳಕ ಯಾಕೆ ನಡೆಯುತ್ತೆ ಅಂದರೆ, ಏರ್‌ಬ್ಯಾಗನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಅಂದರೆ ಏರ್‌ಬ್ಯಾಗ್ ಮಾಡ್ಯೂಲ್, ನೋಡೋದು ಸರ್ಕ್ಯೂಟಿನ ರೆಸಿಸ್ಟೆನ್ಸ್ ಮಾತ್ರ. ಎರಡು-ಮೂರು ಓಮ್ ಸಿಕ್ಕರೆ ಬ್ಯಾಗ್ ಇದೆ ಅಂದುಕೊಳ್ಳುತ್ತೆ, ದೀಪ ಆರಿಸುತ್ತೆ. ಸ್ಕ್ಯಾನರ್ ಹಾಕಿದರೂ ಫಾಲ್ಟ್ ಕೋಡ್ ಬರಲ್ಲ. ಹಾಗಾಗಿ ‘ಸ್ಕ್ಯಾನ್ ರಿಪೋರ್ಟ್ ಕ್ಲೀನ್ ಇದೆ ಸಾರ್’ ಅನ್ನೋ ಮಾತಿಗೆ ಇಲ್ಲಿ ಕಾಸಿನ ಬೆಲೆ ಇಲ್ಲ. ಒಮ್ಮೆ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಬ್ಯಾಗ್ ಒಂದನ್ನೇ ಬದಲಿಸಿ ಮುಗಿಸುವ ಹಾಗಿಲ್ಲ. ಮಾಡ್ಯೂಲ್, ಮುಂದಿನ ಸೆನ್ಸರ್, ಸ್ಟೀರಿಂಗ್ ಕೆಳಗಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗಿಗೆ ಕರೆಂಟ್ ಒಯ್ಯುವ ಸುರುಳಿ ವೈರ್), ಸೀಟ್ ಬೆಲ್ಟ್ ಪ್ರೀಟೆನ್ಷನರ್ (ಗುದ್ದಿದ ಕ್ಷಣ ಬೆಲ್ಟ್ ಬಿಗಿಯುವ ಭಾಗ), ಒಡೆದ ಡ್ಯಾಶ್‌ಬೋರ್ಡ್ ಎಲ್ಲವನ್ನೂ ನೋಡಬೇಕು. ಈ ಗಾಡಿಗೆ ಬಂದ ಎಸ್ಟಿಮೇಟ್ ಲಕ್ಷ ದಾಟಿತ್ತು. ರೆಸಿಸ್ಟರಿನ ಬೆಲೆ ಕೆಲವೇ ರೂಪಾಯಿ. ಉಳಿದದ್ದು ಮಾರುವವನ ಲಾಭ.

ಇನ್ನೊಂದು ಅಗ್ಗದ ಮೋಸವಿದೆ, ಅದನ್ನು ನೀವೇ ಹಿಡಿಯಬಹುದು. ಕೆಲವರು ರೆಸಿಸ್ಟರ್ ಕೂಡ ಹಾಕದೆ ಎಸ್‌ಆರ್‌ಎಸ್ ದೀಪದ ವೈರನ್ನು ಆಯಿಲ್ ಅಥವಾ ಬ್ಯಾಟರಿ ದೀಪಕ್ಕೆ ಸೇರಿಸಿಬಿಡುತ್ತಾರೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ, ಸುಮ್ಮನೆ ನೋಡುತ್ತಾ ಕೂತಿರಿ. ಎಸ್‌ಆರ್‌ಎಸ್ ದೀಪ ಕೆಲವೇ ಸೆಕೆಂಡಿನಲ್ಲಿ ತಾನಾಗಿ ಆರಬೇಕು, ಆಯಿಲ್, ಬ್ಯಾಟರಿ ದೀಪಗಳು ಉರಿಯುತ್ತಲೇ ಇರಬೇಕು. ಎಂಜಿನ್ ಸ್ಟಾರ್ಟ್ ಆದ ಮೇಲೆಯೇ ಎಲ್ಲವೂ ಒಟ್ಟಿಗೆ ಆರಿದರೆ ಕೈಯಾಡಿಸಿದ್ದಾರೆ. ದೀಪ ಹತ್ತಲೇ ಇಲ್ಲ ಅಂದರೂ ಕೈಬಿಡಿ. ಪುಷ್ ಬಟನ್ ಗಾಡಿಯಾದರೆ ಬ್ರೇಕ್, ಕ್ಲಚ್ ಮುಟ್ಟದೆ ಮೀಟರಿನ ದೀಪಗಳು ಬರುವವರೆಗೆ ಬಟನ್ ಒತ್ತಿ ಇದೇ ಪರೀಕ್ಷೆ ಮಾಡಿ.

ದೀಪ ಪಾಸಾದರೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ತುಂಬಾ ಗಾಡಿಗಳಲ್ಲಿ ಗ್ಲೋವ್ ಬಾಕ್ಸನ್ನು ಎರಡೂ ಪಕ್ಕದಿಂದ ಒಳಕ್ಕೆ ಒತ್ತಿದರೆ ಕೆಳಗಿಳಿಯುತ್ತೆ. ಮೊಬೈಲ್ ಟಾರ್ಚ್ ಹಿಡಿದು ಮೇಲಕ್ಕೆ ನೋಡಿ: ಬಾರ್‌ಕೋಡ್ ಸ್ಟಿಕ್ಕರ್ ಇರುವ ಲೋಹದ ಡಬ್ಬ, ಅದಕ್ಕೆ ಕೂತಿರುವ ಹಳದಿ ಕನೆಕ್ಟರ್ ಕಾಣಬೇಕು. ಮುಟ್ಟಬೇಡಿ, ಮಲ್ಟಿಮೀಟರ್ ಅಂತೂ ಹಚ್ಚಲೇಬೇಡಿ. ಒಳಗಿರುವುದು ಸಿಡಿಯುವ ವಸ್ತು. ಬಿಚ್ಚಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾದು ಮೆಕ್ಯಾನಿಕ್ ಬಿಚ್ಚಲಿ. ಆಮೇಲೆ ಡ್ಯಾಶ್‌ಬೋರ್ಡನ್ನು ಓರೆ ಬೆಳಕಿನಲ್ಲಿ ನೋಡಿ. ಒಡೆದದ್ದನ್ನು ತುಂಬಿ ಬಣ್ಣ ಹೊಡೆದಿದ್ದರೆ ಪ್ಯಾಸೆಂಜರ್ ಕಡೆ ಹೊಳಪು ಬೇರೆ, ಮೇಲ್ಮೈಯ ಚುಕ್ಕಿ ಬೇರೆ ಇರುತ್ತೆ.

ಸೀಟ್ ಬೆಲ್ಟ್ ಸುಳ್ಳು ಹೇಳೋದು ಕಷ್ಟ, ಯಾಕೆಂದರೆ ಅದನ್ನು ಮುಚ್ಚಿಡೋ ಗೋಜಿಗೆ ಯಾರೂ ಹೋಗಲ್ಲ. ಎರಡೂ ಮುಂದಿನ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಭುಜದ ಹತ್ತಿರದ ಕೊಂಡಿಯಲ್ಲಿ ಹಾದುಹೋಗುವ ಜಾಗದಲ್ಲಿ ಕರಗಿದಂಥ ಹೊಳೆಯುವ ಗೆರೆ ಅಥವಾ ಅಲೆಯಲೆಯಾದ ನೇಯ್ಗೆ ಇದ್ದರೆ, ಒಮ್ಮೆ ಜೋರಾದ ಅಪಘಾತದಲ್ಲಿ ಆ ಬೆಲ್ಟ್ ಮನುಷ್ಯನ ಭಾರ ಹೊತ್ತಿದೆ. ಬುಡದ ಲೇಬಲ್ಲಿನಲ್ಲಿ ತಯಾರಾದ ತಾರೀಖು ಇದ್ದರೆ ಓದಿ, ಅದು ಗಾಡಿ ತಯಾರಾದ ತಿಂಗಳಿಗಿಂತ ಈಚಿನದ್ದಾಗಿರಬಾರದು. ಪ್ರೀಟೆನ್ಷನರ್ ಬಕಲ್ ಕಡೆ ಇರುವ ಗಾಡಿಯಲ್ಲಿ ಎಡ-ಬಲ ಬಕಲ್‌ಗಳ ಎತ್ತರ ಹೋಲಿಸಿ. ಒಂದು ಕುಗ್ಗಿ ಕೂತಿದ್ದರೆ ಅದು ಕೆಲಸ ಮಾಡಿ ಮುಗಿಸಿದೆ ಅಂತ. ಈ ಗಾಡಿಯ ಡ್ರೈವರ್ ಬಕಲ್ ಹಾಗೇ ಇತ್ತು. ಕೊಳ್ಳುವಾಗ ಯಾರೂ ಬಗ್ಗಿ ನೋಡಿರಲಿಲ್ಲ.

ಬಾಡಿ ವಿಷಯಕ್ಕೆ ಬಂದರೆ, ಸುಮಾರು ಎಲ್ಲ ಗಾಡಿಗೂ ಬಂಪರ್ ಪೇಂಟ್ ಆಗಿರುತ್ತೆ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದು ದೋಷವೇ ಅಲ್ಲ. ನೋಡಬೇಕಾದ್ದು ಅದರ ಹಿಂದಿನ ಚೌಕಟ್ಟು. ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗ್ ಎಳೆದರೆ ಫ್ಯಾಕ್ಟರಿಯ ಸ್ಪಾಟ್ ವೆಲ್ಡ್ ಕಾಣುತ್ತೆ, ಸಮಾನ ಅಂತರದ ದುಂಡನೆಯ ಗುಳಿಗಳು. ಒಂದು ಪಕ್ಕ ಗುಳಿ ಇದ್ದು ಇನ್ನೊಂದು ಪಕ್ಕ ನುಣುಪಾಗಿದ್ದರೆ ಅಲ್ಲಿ ಕತ್ತರಿಸಿ ಟಿಂಕರಿಂಗ್ ಮಾಡಿದ್ದಾರೆ. ಬಾನೆಟ್ ಎತ್ತಿ ಎರಡೂ ಬದಿಯ ಏಪ್ರನ್ನು (ಎಂಜಿನ್ ಪಕ್ಕದ ಒಳಗಿನ ತಗಡಿನ ಗೋಡೆ) ಹೋಲಿಸಿ, ಬಾನೆಟ್ ಮತ್ತು ಫೆಂಡರ್ ಬೋಲ್ಟ್‌ಗಳ ಮೂಲೆಯಲ್ಲಿ ಪೇಂಟ್ ಕಿತ್ತಿದೆಯಾ ನೋಡಿ. ಪೇಂಟ್ ಅಳೆಯುವ ಮೀಟರ್ ಸಿಕ್ಕರೆ ಪಿಲ್ಲರ್ (ರೂಫ್ ಹೊರುವ ಕಂಬ) ಮತ್ತು ರೂಫ್ ಮೇಲೆ ಇಡಿ. ಕಂಪನಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್, 200 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಬಾಗಿಲಿನ ಮೇಲೆ 500 ಬಂದರೆ ಚೌಕಾಸಿ ಮಾಡಿ, ಪಿಲ್ಲರ್ ಮೇಲೆ ಬಂದರೆ ಎದ್ದು ಬನ್ನಿ. ಕೊನೆ ಸಾಲಿನಲ್ಲಿ ಮಕ್ಕಳನ್ನು ಕೂರಿಸುವವರು ಡಿಕ್ಕಿಯ ಮ್ಯಾಟ್ ಎತ್ತಿ ನೆಲ ಸುಕ್ಕಾಗಿದೆಯಾ ನೋಡಲೇಬೇಕು.

ಮಳೆನೀರಲ್ಲಿ ಮುಳುಗಿದ ಗಾಡಿಗಳ ಕಾಟವೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆ, 2025ರ ಮೇನಲ್ಲಿ ಸಾಯಿ ಲೇಔಟ್‌ನಲ್ಲಿ ನೀರು ನಿಂತದ್ದು ನೆನಪಿರಬಹುದು. ಏರ್‌ಬ್ಯಾಗ್ ಮಾಡ್ಯೂಲ್ ಹೆಚ್ಚಿನ ಗಾಡಿಗಳಲ್ಲಿ ಗೇರ್ ಕನ್ಸೋಲ್ ಕೆಳಗೆ ನೆಲಕ್ಕೇ ಕೂತಿರುವುದರಿಂದ ನೀರು ಮೊದಲು ತಾಗೋದು ಅದಕ್ಕೇ. ಸೀಟ್ ಹಳಿಯ ಬೋಲ್ಟಿಗೆ ತುಕ್ಕು, ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ, ಹಳೇ ಗಾಡಿಗೆ ಹೊಸ ಕಾರ್ಪೆಟ್ ಇದ್ದರೆ ಮುಂದಕ್ಕೆ ಮಾತಾಡಬೇಡಿ.

ಕಾಗದದಲ್ಲಿ ಒಂದೇ ಒಂದು ಅಂಕಿ ಈ ಕುಟುಂಬವನ್ನು ಉಳಿಸಬಹುದಿತ್ತು. ಇನ್ಷೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಅಂತ ಇರುತ್ತೆ. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ 20 ಪರ್ಸೆಂಟ್, ಆಮೇಲೆ 25, 35, 45, ಐದು ವರ್ಷಕ್ಕೆ 50. 2018ರಿಂದ ಒಬ್ಬರ ಕೈಯಲ್ಲೇ ಇದ್ದ ಗಾಡಿಯ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇತ್ತು. ಅಂದರೆ ಹಿಂದಿನ ವರ್ಷವೇ ಕ್ಲೇಮ್ ಆಗಿದೆ, ಇಲ್ಲವೇ ಪಾಲಿಸಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಿಟ್ಟುಹೋಗಿದೆ. ಎರಡರಲ್ಲಿ ಯಾವುದು ಅಂತ ಕೇಳಿದ್ದರೆ ಸಾಕಿತ್ತು. ಬೋನಸ್ ಉಳಿಸಿಕೊಡುವ ಆಡ್-ಆನ್ ಇದ್ದವರ ಪಾಲಿಸಿಯಲ್ಲಿ ಮಾತ್ರ ಈ ಲೆಕ್ಕ ತಪ್ಪಬಹುದು. ರಿಪೇರಿ ಖರ್ಚು ಪಾಲಿಸಿಯಲ್ಲಿ ನಮೂದಾದ ಐಡಿವಿಯ (ಗಾಡಿಗೆ ಕಟ್ಟಿದ ವಿಮಾ ಬೆಲೆ) 75 ಪರ್ಸೆಂಟ್ ಮೀರಿದರೆ ಇನ್ಷೂರೆನ್ಸ್‌ನವರು ಟೋಟಲ್ ಲಾಸ್ ಅನ್ನುತ್ತಾರೆ, ಗಾಡಿ ಗುಜರಿ ಲೆಕ್ಕದಲ್ಲಿ ಹರಾಜಾಗುತ್ತೆ, ಆರ್‌ಸಿ ರದ್ದಾಗದೆ ಉಳಿದದ್ದು ರಿಪೇರಿಯಾಗಿ ಮತ್ತೆ ಮಾರಾಟಕ್ಕೆ ನಿಲ್ಲುತ್ತೆ. ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಿಸ್ಟರಿ ತೆಗೆಸಿ. ಓನರ್ ಜೊತೆಯಲ್ಲಿದ್ದರೆ ಕೊಡುತ್ತಾರೆ, ಬರಲ್ಲ ಅನ್ನೋ ಓನರ್ ಏನು ಮುಚ್ಚಿಡುತ್ತಿದ್ದಾನೆ ಅಂತ ಯೋಚಿಸಿ.

‘ಫೈವ್ ಸ್ಟಾರ್ ಗಾಡಿ’ ಅನ್ನೋ ಮಾತನ್ನೂ ಮಾರುವಾಗ ಹೇಳಿದ್ದರಂತೆ. ಕ್ರ್ಯಾಶ್ ಟೆಸ್ಟಿನ ಸ್ಟಾರ್ ಸಿಗೋದು ಫ್ಯಾಕ್ಟರಿಯಿಂದ ಬಂದ ಹೊಸ ಗಾಡಿಗೆ, ಟಿಂಕರಿಂಗ್ ಆದದ್ದಕ್ಕಲ್ಲ. ಅದರಲ್ಲೂ ವರ್ಷ ಕೇಳಿ. ಏಳು ಸೀಟಿನ ರೆನೋ ಟ್ರೈಬರ್‌ಗೆ, ಗಾಡಿ ಗುದ್ದಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2021ರಲ್ಲಿ ದೊಡ್ಡವರ ಸುರಕ್ಷತೆಗೆ ನಾಲ್ಕು ಸ್ಟಾರ್ ಕೊಟ್ಟಿತ್ತು. ಆಫ್ರಿಕಾಕ್ಕೆ ಹೋಗುವ ಅದೇ ಗಾಡಿಯನ್ನು 2024ರಲ್ಲಿ ಬಿಗಿಯಾದ ನಿಯಮದಡಿ ಪರೀಕ್ಷಿಸಿದಾಗ ಸಿಕ್ಕಿದ್ದು ಎರಡು. 2023ರ ಅಕ್ಟೋಬರ್‌ನಿಂದ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಇದೆ. ಅದರಲ್ಲಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂದಿನಿಂದ ಗುದ್ದಿಸುತ್ತಾರೆ, ಪಕ್ಕದಿಂದಲೂ ಗುದ್ದಿಸುತ್ತಾರೆ. ದೊಡ್ಡವರ ಡಮ್ಮಿ ಇರೋದು ಮುಂದಿನ ಸೀಟಿನಲ್ಲಿ, ಹಿಂದಿನಿಂದ ಲಾರಿ ಗುದ್ದಿದರೆ ಕೊನೆ ಸಾಲಿನವರ ಗತಿ ಏನು ಅನ್ನೋದು ಆ ಸ್ಟಾರಿನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕೊನೆ ಸಾಲಿನ ತಲೆ ಮತ್ತು ಡಿಕ್ಕಿ ಗಾಜಿನ ನಡುವೆ ಎಷ್ಟು ಜಾಗ ಇದೆ, ಹೆಡ್‌ರೆಸ್ಟ್ ತಲೆ ಮಟ್ಟಕ್ಕೆ ಬರುತ್ತಾ, ಮೂರು ಪಾಯಿಂಟಿನ ಬೆಲ್ಟ್ ಇದೆಯಾ, ಕಿಟಕಿ ಮೇಲಿಂದ ಇಳಿಯುವ ಕರ್ಟನ್ ಏರ್‌ಬ್ಯಾಗ್ ಅಲ್ಲಿವರೆಗೂ ಬರುತ್ತಾ ಅಂತ ನೀವೇ ಕೂತು ನೋಡಬೇಕು.

ಜಾಗದ ಲೆಕ್ಕದಲ್ಲೂ ಈ ಮನೆಯವರು ಏಮಾರಿದರು. ಮಗುವಿನ ಸೀಟ್ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದ್ದದ್ದು ನಡುಸಾಲಿನ ಎರಡು ತುದಿಗೆ ಮಾತ್ರ. ಮಗುವಿನ ಸೀಟನ್ನು ಎಡಕ್ಕೆ ಬಿಗಿದರೆ, ಹಿಂದಕ್ಕೆ ಹೋಗಲು ಮಡಚಬೇಕಾದ ಸೀಟೇ ಅದು. ಅಜ್ಜಿ ಹತ್ತಬೇಕಾದರೆ ಮಗುವಿನ ಸೀಟ್ ಬಿಚ್ಚಬೇಕು. ಕೊನೆ ಸಾಲು ಎತ್ತಿದ ಮೇಲೆ ಡಿಕ್ಕಿಯಲ್ಲಿ ಉಳಿಯೋದು ಒಂದೆರಡು ಬ್ಯಾಗಿನ ಜಾಗ. ಹೊರಗಡೆ ಗ್ಯಾರೇಜಿನಲ್ಲಿ ಸಿಎನ್‌ಜಿ ಸಿಲಿಂಡರ್ ಹಾಕಿಸಿದ ಗಾಡಿಯಾದರೆ ಅದೂ ಇರಲ್ಲ. ನೋಡಲು ಹೋಗುವಾಗ ಮಗುವಿನ ಸೀಟನ್ನೂ ಮನೆಯ ಹಿರಿಯರನ್ನೂ ಜೊತೆಗೇ ಕರೆದೊಯ್ಯಿರಿ.

ಹಣ ವಾಪಸ್ ಕೇಳಿದಾಗ ಬ್ರೋಕರ್ ತೋರಿಸಿದ್ದು ರಸೀದಿಯ ಒಂದು ಸಾಲು: ‘ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿಕೊಂಡಿದ್ದೇನೆ’. ವ್ಯಾಪಾರ ಮಾಡುವವರಿಂದ ಕೊಂಡಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ದೂರಿನ ಶುಲ್ಕವಿಲ್ಲ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು, ಕೇಳಿ ನೋಡಿ. ಟ್ರಾನ್ಸ್‌ಫರ್ ಅರ್ಜಿ ಜೊತೆಗೇ ಇನ್ಷೂರೆನ್ಸ್ ಹೆಸರು ಬದಲಾವಣೆಗೂ 14 ದಿನದೊಳಗೆ ಬರೆಯಿರಿ, ಇಲ್ಲದಿದ್ದರೆ ನಿಮ್ಮ ಗಾಡಿಗಾದ ನಷ್ಟಕ್ಕೆ ಕ್ಲೇಮ್ ನಿಲ್ಲಲ್ಲ.

ಟೋಕನ್ ಕೊಡುವಾಗ ರಸೀದಿಯಲ್ಲಿ ಹೀಗೆ ಬರೆಸಿಕೊಳ್ಳಿ: ಗಾಡಿ ಟೋಟಲ್ ಲಾಸ್ ಆಗಿಲ್ಲ, ನೀರಲ್ಲಿ ಮುಳುಗಿಲ್ಲ, ಕಂಪನಿ ಕೊಟ್ಟ ಏರ್‌ಬ್ಯಾಗ್‌ಗಳೆಲ್ಲ ಇವೆ, ಸರ್ವಿಸ್ ಸೆಂಟರ್ ಪರೀಕ್ಷೆಯಲ್ಲಿ ಬೇರೆ ಕಂಡರೆ ಟೋಕನ್ ಪೂರ್ತಿ ವಾಪಸ್. ಚಾಸಿ ನಂಬರ್, ತಾರೀಖು, ಮಾರುವವರ ಸಹಿ ಬೇಕು, ಹಣ ಅವರ ಖಾತೆಗೇ ಹೋಗಬೇಕು. ಸಹಿ ಹಾಕೋಕೆ ಹಿಂದೆಮುಂದೆ ನೋಡಿದರೆ ಗ್ಲೋವ್ ಬಾಕ್ಸ್ ಇಳಿಸಿ ನೋಡುವ ಅಗತ್ಯವೂ ಇಲ್ಲ.