ಸ್ಟೋರಿಬುಕ್: ಫಾರ್ಮ್‌ನ ಕೆಂಪು ಸಾಲು ನೋಡಲು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ

ನಮ್ಮ ಆ್ಯಪ್‌ನಲ್ಲಿ ಬ್ಯಾಂಕ್ ವಿವರ ಕೇಳುವುದು ಮೂರನೇ ಪುಟದಲ್ಲಿ. ಐಎಫ್‌ಎಸ್‌ಸಿ ತಪ್ಪಾದರೆ ಬರುವ ಕೆಂಪು ಸಾಲನ್ನು ನೋಡಬೇಕು ಅಂದರೆ ಲಾಗಿನ್, ಒಟಿಪಿ, ಆಮೇಲೆ ಎರಡು ಪುಟ ತುಂಬುವ ಕೆಲಸ. ಬಣ್ಣ ಬದಲಿಸಿದರೆ ಮತ್ತೆ ಮೊದಲಿನಿಂದ. ‘ಈ ಖಾತೆ ಈಗಾಗಲೇ ನೋಂದಣಿಯಾಗಿದೆ’ ಅನ್ನುವುದನ್ನಂತೂ ಸರ್ವರೇ ಹೇಳಬೇಕು. ಅದನ್ನು ಬೇಕೆಂದಾಗ ಬರಿಸುವುದು ಹೇಗೆ?

ಅದಕ್ಕೇ ಸ್ಟೋರಿಬುಕ್ ಹಾಕಿಕೊಂಡೆವು. ಪುಟದ ಒಂದೊಂದು ಭಾಗವನ್ನೂ ಆ್ಯಪ್‌ನಿಂದ ಬೇರೆಯಾಗಿ ತೋರಿಸುವ ಸಾಧನ ಇದು, ಆ ಭಾಗದ ಒಂದೊಂದು ಸ್ಥಿತಿಗೂ ‘ಸ್ಟೋರಿ’ ಅನ್ನುತ್ತಾರೆ. ಆಗ ಆವೃತ್ತಿ 6. ಖಾಲಿ ಫೀಲ್ಡ್ ಒಂದು ಸ್ಟೋರಿ, ಐಎಫ್‌ಎಸ್‌ಸಿಯ 11 ಅಕ್ಷರ ತುಂಬದ್ದು ಒಂದು, ಐದನೇ ಜಾಗದಲ್ಲಿ ಸೊನ್ನೆಯ ಬದಲು ‘ಓ’ ಒತ್ತಿದ್ದು ಇನ್ನೊಂದು. ಬ್ರೌಸರ್‌ನಲ್ಲಿ ಪೋರ್ಟ್ 6006 ತೆರೆದರೆ ಎಲ್ಲವೂ ಎಡಗಡೆ ಸಾಲಾಗಿ ಸಿಗುತ್ತವೆ.

ದೊಡ್ಡ ಲಾಭ ಆಗಿದ್ದು ಕನ್ನಡ ಸಂದೇಶಗಳಲ್ಲಿ. ಡಿಸೈನ್ ಮಾಡುವಾಗ ಇಂಗ್ಲಿಷ್ ಸಾಲಿಗೆ ಎತ್ತರ ಗೊತ್ತುಮಾಡಿದ್ದರು. ಕನ್ನಡ ಹಾಕಿದ ತಕ್ಷಣ ‘ಸಂಖ್ಯೆ’ಯ ಯ ಒತ್ತು ಅರ್ಧ ಕತ್ತರಿಸಿಹೋಯಿತು, ಉದ್ದದ ಸಂದೇಶ ಎರಡನೇ ಸಾಲಿಗೆ ಇಳಿದು ಬಟನ್ ಮೇಲೆ ಕೂತಿತು. ನಿಜವಾದ ಪುಟದಲ್ಲಿ ಇದನ್ನು ತಿಂಗಳುಗಟ್ಟಲೆ ಯಾರೂ ಗಮನಿಸಿರಲಿಲ್ಲ. ಅಲ್ಲಿವರೆಗೆ ಹೋಗಿ ತಪ್ಪು ಮಾಡುವ ತಾಳ್ಮೆ ಟೆಸ್ಟರ್‌ಗೂ ಇರಲಿಲ್ಲ ಅನ್ನಿ.

ಆದರೆ ಒಂದು ಮೋಸಕ್ಕೆ ನಾವೇ ಬಿದ್ದೆವು. ಆರ್ಗ್ಸ್‌ನಲ್ಲಿ (ಸ್ಟೋರಿಗೆ ನಾವೇ ಬರೆದು ಕೊಡುವ ಮೌಲ್ಯಗಳು) ಎರರ್ ಸಂದೇಶವನ್ನು ಸುಮ್ನೆ ಕೊಟ್ಟುಬಿಟ್ಟರೆ ಫೀಲ್ಡ್ ಕೆಂಪಾಗುತ್ತದೆ. ನೋಡಲು ಚೆಂದ. ತುಂಬಿದ್ದು ಸರಿಯೇ ಅಂತ ಪರೀಕ್ಷಿಸುವ ವ್ಯಾಲಿಡೇಶನ್ ಓಡಿರುವುದೇ ಇಲ್ಲ! ನಮ್ಮಲ್ಲಿ ನಿಯಮ ಮುರಿದಿತ್ತು, ಸ್ಟೋರಿ ಮಾತ್ರ ಅಚ್ಚುಕಟ್ಟಾಗಿಯೇ ಇತ್ತು. ಈಗ ಒಂದೊಂದು ಫೀಲ್ಡ್‌ನ ರೂಪ ನೋಡಲು ಆರ್ಗ್ಸ್ ಸಾಕು ಅಂತ ಇಟ್ಟುಕೊಂಡಿದ್ದೇವೆ. ಇಡೀ ಫಾರ್ಮ್‌ಗೆ 6.4ರಲ್ಲಿ ಬಂದ ಪ್ಲೇ ಫಂಕ್ಷನ್ ಬಳಸುತ್ತೇವೆ. ಅದು ತಾನೇ ಟೈಪ್ ಮಾಡಿ, ಸಬ್ಮಿಟ್ ಒತ್ತಿ, ಎರರ್ ಬಂತೇ ಅಂತ ನೋಡುತ್ತದೆ. ಸರ್ವರ್ ಎರರ್‌ಗೆ, ಸರ್ವರ್ ಬದಲು ತಾನೇ ಉತ್ತರ ಕೊಡುವ ಎಂಎಸ್‌ಡಬ್ಲ್ಯು ಲೈಬ್ರರಿ ಜೋಡಿಸಿ 409 (ಈಗಾಗಲೇ ಇರುವುದಕ್ಕೆ ಹೊಂದುವುದಿಲ್ಲ ಅನ್ನುವ ಸಂಕೇತ) ಉತ್ತರ ಕೊಡಿಸಿದರೆ ಆಯಿತು.

ಅಂಗವಿಕಲರಿಗೂ ಬಳಸಲು ಬರುತ್ತದೆಯೇ ಅಂತ ನೋಡುವ ಆಕ್ಸೆಸಿಬಿಲಿಟಿ ಆ್ಯಡ್‌ಆನ್ ತಿಳಿ ಕೆಂಪು ಅಕ್ಷರವನ್ನು ಹಿಡಿದುಕೊಟ್ಟಿತು, ಹಿನ್ನೆಲೆಯೊಂದಿಗೆ ಕಾಂಟ್ರಾಸ್ಟ್ ಬೇಕಾದಷ್ಟು, ಅಂದರೆ 4.5:1, ಇರಲಿಲ್ಲ. ಆದರೆ ಸಂದೇಶವನ್ನು ಸ್ಕ್ರೀನ್ ರೀಡರ್ ಓದುತ್ತದೋ ಇಲ್ಲವೋ, ಅದನ್ನು ಕಿವಿಯಿಂದಲೇ ಕೇಳಿ ನೋಡಬೇಕು.

ತಲೆನೋವೂ ಇದೆ. ಫಾರ್ಮ್ ಲೈಬ್ರರಿ, ಥೀಮ್, ಭಾಷೆ, ಇವನ್ನೆಲ್ಲ ಡೆಕೊರೇಟರ್‌ನಲ್ಲಿ (ಸ್ಟೋರಿಯ ಸುತ್ತ ಹಾಕುವ ಕೋಡ್ ಹೊದಿಕೆ) ಸುತ್ತಿ ಕೊಡಬೇಕು. ಆವೃತ್ತಿ 8ರಲ್ಲಿ ಸ್ಟೋರಿ ಬರೆಯುವ ಹಳೆಯ ಸ್ಟೋರೀಸ್‌ಆಫ್ ಪದ್ಧತಿ ಹೋಯಿತು, ಹಾಗೆ ಬರೆದ ಫೈಲ್‌ಗಳಿದ್ದರೆ ತಿದ್ದಲೇಬೇಕು.

ಹತ್ತಿಪ್ಪತ್ತು ಫೀಲ್ಡ್, ಎರಡು ಮೂರು ಭಾಷೆ ಇದ್ದರೆ ಕಣ್ಣು ಮುಚ್ಚಿ ಹಾಕಿಕೊಳ್ಳಿ. ಹೆಸರು, ಫೋನ್ ಎರಡೇ ಕೇಳುವ ಫಾರ್ಮ್‌ಗೆ ಬೇಡ. ಸ್ಟೋರಿಬುಕ್ ಸೆಟಪ್ ಮುಗಿಯುವಷ್ಟರಲ್ಲಿ ಫಾರ್ಮೇ ಮುಗಿದಿರುತ್ತದೆ.