ರೋಲ್ ಕೇಜ್‌ಗೆ ನೀರಿನ ಪೈಪ್ ಹಾಕಿಸಬೇಡಿ

ಹಳೇ ಜಿಪ್ಸಿಯನ್ನು ಬಂಡೆ ಹತ್ತುವ ಗಾಡಿ ಮಾಡುವ ಹುಚ್ಚು ಹತ್ತಿ ಎರಡು ವರ್ಷವಾಯಿತು. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಬಾಡಿಗೆ ಮನೆ, ಮುಂದೆ ದೊಡ್ಡ ಅಂಗಳ. ಸ್ಪ್ರಿಂಗ್, ಟೈರ್, ಹಿಂದಿನ ಆಕ್ಸಲ್‌ಗೆ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಹಿಡಿಯುವ ಸಾಧನ) ಎಲ್ಲ ಅಲ್ಲೇ ಮಾಡಿಕೊಂಡೆ. ಎಡವಿದ್ದು ರೋಲ್ ಕೇಜ್‌ನಲ್ಲಿ, ಅಂದರೆ ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ಪೈಪಿನ ಚೌಕಟ್ಟಿನಲ್ಲಿ.

ಪೈಪ್ ಬಗ್ಗಿಸುವ ಮಷಿನ್ ನನ್ನ ಹತ್ತಿರ ಇಲ್ಲ. ಭೋಸರಿ ಕಡೆಯ ಒಬ್ಬ ಫ್ಯಾಬ್ರಿಕೇಟರ್‌ಗೆ ಒಪ್ಪಿಸಿದೆ. ಕೇಳಿದ್ದು ಒಂದೂಮುಕ್ಕಾಲು ಇಂಚಿನ ಸೀಮ್‌ಲೆಸ್ (ಉದ್ದಕ್ಕೆ ಬೆಸುಗೆ ಗೆರೆ ಇಲ್ಲದ) ಟ್ಯೂಬ್. ಬಗ್ಗಿಸಿ ತಂದು ಇಳಿಸಿದ್ದು ಹೊಳೆಯುವ ಜಿಐ ಪೈಪ್ (ಸತುವಿನ, ಅಂದರೆ ಜಿಂಕ್ ಲೇಪದ್ದು), ಮೈಮೇಲೆ ನೀಲಿ ಪಟ್ಟಿ. ಅಂದರೆ ಮೀಡಿಯಂ ಕ್ಲಾಸ್ ನೀರಿನ ಪೈಪ್. "ಒಂದೂವರೆ ಇಂಚಿಂದೇ ಸಾಹೇಬ್, ನಿಮ್ಮ ಟ್ಯೂಬಿಗಿಂತ ದಪ್ಪ" ಅಂದ. ನೋಡಿದರೆ ದಪ್ಪವೇ! ಟ್ಯೂಬಿಗೆ ಹೇಳುವುದು ಹೊರಗಿನ ಅಳತೆ. ನೀರಿನ ಪೈಪಿಗೆ ಒಳಗಿನ ಲೆಕ್ಕ. ಹಾಗಾಗಿ ಒಂದೂವರೆ ಇಂಚಿನ ಪೈಪು ಹೊರಗೆ 48 ಮಿ.ಮೀ. ದಾಟುತ್ತದೆ. ಅಡ್ವಾನ್ಸ್ ಕೊಟ್ಟಾಗಿತ್ತು, ಸುಮ್ನಾದೆ. ತಪ್ಪು ನನ್ನದೂ ಇದೆ.

ಅವನು ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಹಾಕಿ ಹೋದ. ಪೂರ್ತಿ ವೆಲ್ಡಿಂಗ್ ನಾನೇ ಶುರು ಮಾಡಿದೆ. ಬೆಳ್ಳನೆ ಹೊಗೆ, ಹತ್ತಿಯ ಹಾಗೆ ಹಾರುವ ಬೂದಿ. ಪಕ್ಕದ ಮನೆಯಲ್ಲಿ ಗದಗಿನ ಕಾಕಾ ಇದ್ದಾರೆ, ವೆಲ್ಡರ್ ಆಗಿ ರಿಟೈರ್ ಆದವರು. ಕಾಂಪೌಂಡ್ ಆಚೆಯಿಂದಲೇ ಕೂಗಿದರು: "ತಮ್ಮಾ, ಬಿಳಿ ಹೊಗಿ ಬರಾಕತ್ತೈತಿ, ಬಂದ್ ಮಾಡು! ಅದು ಜಿಂಕ್ ಐತಿ."

ಅಷ್ಟರಲ್ಲಿ ನಾಲ್ಕು ಜಾಯಿಂಟ್ ಮುಗಿದಿತ್ತು. ರಾತ್ರಿ ಬಾಯೆಲ್ಲ ಸಿಹಿ ಸಿಹಿ, ಆಮೇಲೆ ಚಳಿಜ್ವರ. ಹಾಲು ಕುಡಿದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಕುಡಿದೆ, ಏನೂ ಆಗಲಿಲ್ಲ. ಮಾರನೇ ದಿನ ಸಂಜೆ ಜ್ವರ ತಾನಾಗಿ ಇಳಿಯಿತು.

ಉಳಿದ ಜಾಯಿಂಟ್‌ಗಳ ಲೇಪ ಉಜ್ಜಿ ತೆಗೆದು ವೆಲ್ಡ್ ಮಾಡಿದೆ. ಮೊದಲಿನ ನಾಲ್ಕನ್ನು ಹಾಗೇ ಬಿಟ್ಟೆ. ಮೇಲಿಂದ ಚೆನ್ನಾಗೇ ಕಾಣುತ್ತಿದ್ದವು ಅಲ್ವಾ.

ಗಾಡಿಯನ್ನು ಟ್ರೇಲರ್ ಮೇಲೆ ಒಂದು ಹಳೇ ಕಲ್ಲುಕ್ವಾರಿಗೆ ಒಯ್ದೆವು. ನಡಿಗೆಯ ವೇಗದಲ್ಲಿ ಬಂಡೆ ಹತ್ತುವಾಗ ಎಡಕ್ಕೆ ಮಗುಚಿತು. ಅಷ್ಟೇ. ಅಷ್ಟಕ್ಕೇ ಮುಂದಿನ ಕಂಬದ ಮೇಲಿನ ಜಾಯಿಂಟ್ ಬಿಚ್ಚಿಕೊಂಡು ಪೈಪು ಹೆಲ್ಮೆಟ್‌ಗೆ ಬಡಿಯಿತು. ಬೆಲ್ಟ್ ಇತ್ತು, ಕುತ್ತಿಗೆ ನೋವಿನಲ್ಲಿ ಪಾರಾದೆ. ಒಡೆದ ಜಾಯಿಂಟ್ ನೋಡಿದರೆ ಇಡ್ಲಿಯ ಹಾಗೆ ತೂತು ತೂತು. ಸತುವು ಸುಮಾರು 900 ಡಿಗ್ರಿಗೇ ಆವಿಯಾಗುತ್ತದೆ. ಉಕ್ಕು ಕರಗಲು 1500 ಹತ್ತಿರ ಬೇಕು. ಆ ಆವಿಯೇ ಒಳಗೆ ಗುಳ್ಳೆಯಾಗಿ ಕೂತಿತ್ತು.

ಇನ್ನೊಂದು ಕಂಬದ ಬುಡ ಫ್ಲೋರ್ ಶೀಟ್ ಹರಿದುಕೊಂಡು ಕೆಳಗಿಳಿದಿತ್ತು. ಅದನ್ನು ಚಾಸಿಗೆ, ಅಂದರೆ ಗಾಡಿಯ ಅಡಿಯ ಗಟ್ಟಿ ಚೌಕಟ್ಟಿಗೆ, ಕಟ್ಟಬೇಕಿತ್ತು. ಅವನು ಬರೀ ತಗಡಿಗೆ ಟ್ಯಾಕ್ ಹಾಕಿದ್ದ. ಅದರ ಮೇಲೇ ನಾನೂ ಬೆಸೆದಿದ್ದೆ.

ನಿಮ್ಮ ಮನೆಗೆ ಪೈಪು ಬಂದಾಗ ಬಣ್ಣದ ಪಟ್ಟಿ ಇದೆಯಾ ನೋಡಿ. ಒಂದು ಕಡೆ ಕೊಯ್ದು ಪೈಪಿನ ಗೋಡೆ ಎಷ್ಟು ದಪ್ಪ ಅಂತ ಕ್ಯಾಲಿಪರ್ ಹಿಡಿದು ಅಳೆಯಿರಿ. ಟ್ಯೂಬಿನ ಬಿಲ್ ಕೇಳಿ. ಕೊಡದಿದ್ದರೆ ವಾಪಸ್ ಕಳಿಸಿ, ಅಡ್ವಾನ್ಸ್ ಹೋದರೆ ಹೋಗಲಿ.

ಫ್ಯಾಬ್ರಿಕೇಟರ್‌ಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. ಪುಕ್ಕಟೆ ರಿಪೇರಿ ಮಾಡಿಕೊಡುತ್ತಾನಂತೆ, ಅದೇ ಪೈಪು ಇನ್ನೆರಡು ತುಂಡು ಉಳಿದಿದೆಯಂತೆ.